ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರೆಯಿರಿ: ಬೆಂಗಳೂರಿನ ಮನೆಗಳಿಗೆ ದಿನನಿತ್ಯದ ಆರೋಗ್ಯದ ಮಾರ್ಗದರ್ಶಿ

ಎರಡು ವರ್ಷದ ಹಿಂದೆ ನಮ್ಮ ಅತ್ತೆಗೆ ದವಡೆ ಹಲ್ಲು ನೋವು ಬಂತು. ಬಸವೇಶ್ವರನಗರದಲ್ಲಿ ನಮ್ಮ ಮನೆ ಹತ್ತಿರವೇ ಇರುವ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಹಲ್ಲು ಕೀಳಬೇಕು ಅಂದರು. ಕೀಳುವ ಮುಂಚೆ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು: 178/104. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದರು: 174/102. "ಇವತ್ತು ಹಲ್ಲು ಮುಟ್ಟಲ್ಲ ಅಮ್ಮ, ಮೊದಲು ಇದನ್ನ ತೋರಿಸ್ಕೊಳ್ಳಿ" ಅಂದರು. ಅತ್ತೆಗೆ ಸಿಟ್ಟು ಬಂತು. "ನನಗೇನಾಗಿದೆ? ತಲೆನೋವಿಲ್ಲ, ತಲೆಸುತ್ತಿಲ್ಲ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಬಂದಿದೀನಿ" ಅಂತ ದಾರಿಯುದ್ದಕ್ಕೂ ಗೊಣಗಿದರು.

ಅವರು ಹೇಳಿದ್ದು ನಿಜವೇ. ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಬಿ.ಪಿ. ಏರಿದರೆ ನೋಯುವುದಿಲ್ಲ, ಸಕ್ಕರೆ ಏರಲು ಶುರುವಾದರೆ ತಿಳಿಯುವುದಿಲ್ಲ, ಫ್ರಿಡ್ಜ್ ಹಿಂದಿನ ತಟ್ಟೆಯಲ್ಲಿ ಸೊಳ್ಳೆ ಮರಿ ಬೆಳೆಯುತ್ತಿದ್ದರೆ ಸದ್ದಾಗುವುದಿಲ್ಲ. ಆ ದಿನದಿಂದ ನಾನು ಹಿಡಿದುಕೊಂಡ ದಾರಿ ಒಂದೇ: ಮೊದಲು ಅಳೆಯುವುದು, ಹುಡುಕುವುದು, ಆಮೇಲೆ ಅಭ್ಯಾಸ ಬದಲಿಸುವುದು. ನಾನು ಡಾಕ್ಟರ್ ಅಲ್ಲ, ಮನೆ ನಡೆಸುವವಳು. ಡಾಕ್ಟರು, ನರ್ಸು, ನಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆ ಹೇಳಿಕೊಟ್ಟದ್ದನ್ನು ನಮ್ಮ ಮನೆಯಲ್ಲಿ ಮಾಡಿ ನೋಡಿ ಬರೆಯುತ್ತಿದ್ದೇನೆ. ಯಾರಿಗೆ ಯಾವ ಔಷಧಿ, ಎಷ್ಟು ಅನ್ನುವುದನ್ನು ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು.

ಎಲ್ಲವನ್ನೂ ಒಂದೇ ಸಲ ಶುರು ಮಾಡಬೇಡಿ. ಯುಗಾದಿಗೆ ಹತ್ತು ಸಂಕಲ್ಪ ಮಾಡಿ ರಾಮನವಮಿಯ ಹೊತ್ತಿಗೆ ಹತ್ತನ್ನೂ ಬಿಟ್ಟವರನ್ನು ನೋಡಿದ್ದೇನೆ. ಮೊದಲ ವಾರ ಅಳತೆ, ಎರಡನೇ ವಾರ ಉಪ್ಪು, ಆಮೇಲೆ ವಾರಕ್ಕೊಂದು ಸೇರಿಸಿ. ಸೊಳ್ಳೆಯ ಕೆಲಸವನ್ನು ಮಾತ್ರ ಮುಂದೂಡದೆ ಈ ಶುಕ್ರವಾರವೇ ಮಾಡಿ.

ಮೊದಲ ಹೆಜ್ಜೆ: ಮೂರು ಅಳತೆ

ಬಿ.ಪಿ., ಸಕ್ಕರೆ, ಸೊಂಟದ ಸುತ್ತಳತೆ. ಮನೆಯಲ್ಲಿ 30 ದಾಟಿದ ಎಲ್ಲರದ್ದೂ ಬರೆದಿಡಿ. ಖರ್ಚು ಅಂತ ಹಿಂಜರಿಯಬೇಡಿ. ಬಡಾವಣೆಗಳಲ್ಲಿ ಈಗ ಸರ್ಕಾರದ "ನಮ್ಮ ಕ್ಲಿನಿಕ್" ಅನ್ನುವ ಚಿಕಿತ್ಸಾಲಯಗಳಿವೆ, ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ, ಅಲ್ಲಿ ಬಿ.ಪಿ., ಸಕ್ಕರೆ ಎರಡನ್ನೂ ದುಡ್ಡಿಲ್ಲದೆ ನೋಡುತ್ತಾರೆ.

ಮನೆಯಲ್ಲೇ ಬಿ.ಪಿ. ನೋಡುವುದಾದರೆ ತೋಳಿಗೆ ಸುತ್ತುವ ಡಿಜಿಟಲ್ ಯಂತ್ರ ಕೊಳ್ಳಿ. ಮಣಿಕಟ್ಟಿನದು ಅಷ್ಟು ನಂಬಿಕೆಗೆ ಅರ್ಹವಲ್ಲ. ಬಹಳ ಜನ ತಪ್ಪುವುದು ನೋಡುವ ರೀತಿಯಲ್ಲಿ. ಮೆಟ್ಟಿಲು ಹತ್ತಿ ಬಂದವರೇ ಸೋಫಾದಲ್ಲಿ ಒರಗಿ, ಕಾಲ ಮೇಲೆ ಕಾಲು ಹಾಕಿ, ಟಿ.ವಿ. ನೋಡುತ್ತಾ ಪಟ್ಟಿ ಸುತ್ತಿಕೊಳ್ಳುತ್ತಾರೆ. ಹಾಗೆ ಬಂದ ಅಂಕಿ ಕೆಲಸಕ್ಕೆ ಬಾರದು. ಸರಿಯಾದ ಕ್ರಮ ಇದು. ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ತೋಳನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇಡಿ. ಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿ ತೋಳಿಗೆ ಸುತ್ತಿ. ಮಾತಾಡಬೇಡಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ, ಎರಡನ್ನೂ ಬರೆದುಕೊಳ್ಳಿ.

ಹೀಗೆ ಒಂದು ವಾರ ಬೆಳಿಗ್ಗೆ, ಸಂಜೆ ನೋಡಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಆ ಚೀಟಿ ಹಿಡಿದುಕೊಂಡು ಡಾಕ್ಟರ ಬಳಿ ಹೋಗಿ. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ನೋಡಿದಾಗ 140/90 ಮುಟ್ಟಿದರೆ ರಕ್ತದೊತ್ತಡ ಇದೆ ಅನ್ನುತ್ತಾರೆ. ನಮ್ಮ ಅತ್ತೆಯಂತೆ ಮಾತ್ರೆ ಶುರುವಾದವರಿಗೆ ಒಂದು ಮಾತು: ಅಂಕಿ ಸರಿಹೋಯಿತು ಅಂತ ಮಾತ್ರೆ ಬಿಡಬೇಡಿ. ಸರಿಹೋಗಿರುವುದು ಆ ಮಾತ್ರೆಯಿಂದಲೇ. ಮೂರನೇ ತಿಂಗಳು ಅತ್ತೆ ನಮಗೆ ಹೇಳದೆ ಹತ್ತು ದಿನ ಬಿಟ್ಟಿದ್ದರು, ಬಿ.ಪಿ. ಮತ್ತೆ 170ಕ್ಕೆ ಹೋಗಿತ್ತು.

ಸಕ್ಕರೆಗೆ, ರಾತ್ರಿ ಊಟದ ನಂತರ ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಬೇರೇನೂ ತೆಗೆದುಕೊಳ್ಳದೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಅಂದರೆ ಮಧುಮೇಹ ಹೊಸ್ತಿಲಲ್ಲಿದೆ; ತಿರುಗಿಸಿ ಕಳಿಸಲು ಇನ್ನೂ ಕಾಲವಿದೆ. 126 ಅಥವಾ ಮೇಲೆ ಬಂದರೆ ಇನ್ನೊಂದು ಸಲ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಕಳೆದ ಮೂರು ತಿಂಗಳ ಲೆಕ್ಕ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ.

ಸೊಂಟಕ್ಕೆ ದರ್ಜಿಯ ಟೇಪು ಸಾಕು. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದಿರುವವರು "ನಾನೇನು ದಪ್ಪ ಇಲ್ಲವಲ್ಲ" ಅಂದುಕೊಂಡಿರುತ್ತಾರೆ. ಸಕ್ಕರೆ ಕಾಯಿಲೆ ಹೆಚ್ಚಾಗಿ ಹುಡುಕಿಕೊಂಡು ಬರುವುದು ಅಂಥವರನ್ನೇ.

ಎರಡನೇ ಹೆಜ್ಜೆ: ಉಪ್ಪಿನ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರೊಬ್ಬರಿಗೆ ದಿನಕ್ಕೆ ಹೇಳಿರುವುದು 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಸಮ ಮಾಡಿದ ಒಂದು ಟೀ ಚಮಚದಷ್ಟು. ಇದನ್ನು ಓದಿ ಎಲ್ಲರೂ "ನಾವು ಅಷ್ಟೇ ತಿನ್ನೋದು" ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅಡುಗೆಮನೆಯಲ್ಲಿ ಯಾರೂ ತಕ್ಕಡಿ ಇಟ್ಟುಕೊಂಡು ಸಾರಿಗೆ ಉಪ್ಪು ಹಾಕುವುದಿಲ್ಲ. ಹಾಗಾದರೆ ಗೊತ್ತಾಗುವುದು ಹೇಗೆ?

ಒಂದು ಪೆನ್ನು ತೆಗೆದುಕೊಳ್ಳಿ. ಹೊಸ ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಖಾಲಿಯಾದ ದಿನ ಇನ್ನೊಂದು ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ ತಲಾ 5 ಗ್ರಾಂ ಅಂದರೆ ದಿನಕ್ಕೆ 20 ಗ್ರಾಂ, ಒಂದು ಕೆ.ಜಿ. 50 ದಿನ ಬರಬೇಕು. ನಮ್ಮ ಮನೆಯಲ್ಲಿ ನಾನು, ನನ್ನ ಯಜಮಾನರು, ಅತ್ತೆ, ಕಾಲೇಜಿಗೆ ಹೋಗುವ ಮಗ. ಮೊದಲ ಪ್ಯಾಕೆಟ್ ಜೂನ್ 3ಕ್ಕೆ ಒಡೆದದ್ದು ಜುಲೈ 1ಕ್ಕೆ ಮುಗಿಯಿತು. 28 ದಿನ. ತಲೆಗೆ ಸುಮಾರು 9 ಗ್ರಾಂ. ಉಪ್ಪಿನಕಾಯಿ, ಹಪ್ಪಳ ಹೊರಗಿನಿಂದ ತರುತ್ತೇವೆ, ಮಗ ಮಧ್ಯಾಹ್ನ ಹೊರಗೆ ತಿನ್ನುತ್ತಾನೆ; ಅದೆಲ್ಲ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಪ್ಯಾಕೆಟ್ ಹಿಡಿದುಕೊಂಡು ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಉಪ್ಪು ಹಾಕುತ್ತಿದ್ದ ಕೈ ನನ್ನದೇ.

ದೃಷ್ಟಿ ತೆಗೆಯಲು, ಸೊಪ್ಪು ತೊಳೆಯಲು ಇದೇ ಪ್ಯಾಕೆಟ್‌ನಿಂದ ತೆಗೆಯಬೇಡಿ. ಅದಕ್ಕೆ ಕಲ್ಲುಪ್ಪು ಬೇರೆ ಇಡಿ. ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಇನ್ನು ಕಡಿಮೆ ಮಾಡುವುದು. ಒಂದೇ ದಿನ ಅರ್ಧಕ್ಕೆ ಇಳಿಸಿದರೆ ಮನೆಯವರು ತಟ್ಟೆ ದೂಡುತ್ತಾರೆ. ಸಾರು, ಹುಳಿ, ಪಲ್ಯಕ್ಕೆ ಹಾಕುವುದರಲ್ಲಿ ಕಾಲು ಭಾಗ ಮಾತ್ರ ಕಡಿಮೆ ಮಾಡಿ, ಎರಡು ವಾರ ಹಾಗೇ ಬಿಡಿ. ನಾಲಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಹೊಂದಿಕೊಂಡ ಮೇಲೆ ಹಳೆಯ ಅಳತೆಯೇ ಉಪ್ಪುಪ್ಪು ಅನ್ನಿಸುತ್ತದೆ. ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮುದ್ದೆಗೆ ಉಪ್ಪು ಬೇಡವೇ ಬೇಡ. ಪಕ್ಕದಲ್ಲಿರುವ ಸಾರಿನಲ್ಲಿ ಇದೆ. ಮಜ್ಜಿಗೆಗೆ ಶುಂಠಿ, ಕೊತ್ತಂಬರಿ, ಕರಿಬೇವು ಜಜ್ಜಿ ಹಾಕಿ. ಪಲ್ಯಕ್ಕೆ ಕೊನೆಯಲ್ಲಿ ನಿಂಬೆರಸ ಹಿಂಡಿದರೆ ಕಡಿಮೆ ಉಪ್ಪು ಗೊತ್ತಾಗುವುದಿಲ್ಲ. ಒಗ್ಗರಣೆಗೆ ಇಂಗು, ಮೆಣಸು ಸ್ವಲ್ಪ ಧಾರಾಳವಾಗಿ ಬೀಳಲಿ. ಊಟದ ಮೇಜಿನ ಮೇಲಿಂದ ಉಪ್ಪಿನ ಡಬ್ಬಿಯನ್ನೂ ಉಪ್ಪಿನಕಾಯಿ ಜಾಡಿಯನ್ನೂ ಎತ್ತಿ ಕಪಾಟಿಗೆ ಸೇರಿಸಿ. ಎದ್ದು ಹೋಗಿ ತರಬೇಕಾದರೆ ಮೂರು ದಿನಕ್ಕೊಮ್ಮೆ ಮಾತ್ರ ನೆನಪಾಗುತ್ತದೆ. ಇದು ನಮ್ಮ ಮನೆಯಲ್ಲೇ ಕಂಡದ್ದು.

ಕಣ್ಣಿಗೆ ಬೀಳದ ಉಪ್ಪು ಇನ್ನೂ ಇದೆ. ಅಯ್ಯಂಗಾರ್ ಬೇಕರಿಯ ಖಾರ ಬಿಸ್ಕತ್ತು, ಕಾಂಗ್ರೆಸ್ ಕಡಲೇಬೀಜ, ಚಟ್ನಿಪುಡಿ, ಸಂಡಿಗೆ, ದಿಢೀರ್ ನೂಡಲ್ಸ್, ಬ್ರೆಡ್ಡು. ಬೋಂಡ, ಬಜ್ಜಿಗೆ ಹಾಕುವ ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಬೇಕರಿಗೆ ಹೋಗಲೇಬೇಡಿ ಅಂತ ಬೆಂಗಳೂರಿನವರಿಗೆ ಹೇಳುವ ಧೈರ್ಯ ನನಗಿಲ್ಲ. ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ.

ಕೇಳಿಯೇ ಕೇಳುತ್ತಾರೆ, ಆದ್ದರಿಂದ ಹೇಳಿಬಿಡುತ್ತೇನೆ: ಸೈಂಧವ ಲವಣವೂ ಗುಲಾಬಿ ಉಪ್ಪೂ ಬಹುಮಟ್ಟಿಗೆ ಅದೇ ಸೋಡಿಯಂ ಕ್ಲೋರೈಡ್, ಬಿ.ಪಿ. ವಿಷಯದಲ್ಲಿ ರಿಯಾಯಿತಿ ಇಲ್ಲ. ಅಯೋಡಿನ್ ಇರುವ ಉಪ್ಪನ್ನೇ ಬಳಸಿ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಬಿ.ಪಿ.ಯ ಕೆಲವು ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು.

ಈಗ ನಮ್ಮ ಮನೆಯಲ್ಲಿ ಒಂದು ಪ್ಯಾಕೆಟ್ 44 ದಿನ ಬರುತ್ತಿದೆ.

ಅದೇ ಪೆನ್ನು: ಎಣ್ಣೆ, ಸಕ್ಕರೆ

ಎಣ್ಣೆ ಪ್ಯಾಕೆಟ್ ಮೇಲೂ ಹೀಗೇ ತಾರೀಖು ಬರೆಯಿರಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್, ಹೆಚ್ಚೆಂದರೆ ಅದಕ್ಕಿಂತ ತುಸು ಮೇಲೆ. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಬಾಣಲೆಗೆ ಬಾಟಲಿಯಿಂದ ನೇರವಾಗಿ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಹಾಕಲು ಶುರು ಮಾಡಿದರೆ ಅರ್ಧ ಕೆಲಸ ಆಯಿತು.

ಸಕ್ಕರೆಯಲ್ಲಿ ನಮ್ಮ ಊರಿನ ದೊಡ್ಡ ತೂತು ಕಾಫಿ ಲೋಟ. ದರ್ಶಿನಿಯಲ್ಲಿ ನಿಂತು ಕುಡಿಯುವ ಲೋಟ ಚಿಕ್ಕದು, ಸಕ್ಕರೆ ಚಿಕ್ಕದಲ್ಲ. ಬೆಳಿಗ್ಗೆ ಎದ್ದೊಡನೆ ಒಂದು, ತಿಂಡಿ ಜೊತೆ ಒಂದು, ಆಫೀಸಿನಲ್ಲಿ ಹನ್ನೊಂದು ಗಂಟೆಗೆ ಒಂದು, ಸಂಜೆ ಒಂದು. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟಕ್ಕೆ ಎಂಟು ಚಮಚ, ಅಂದರೆ ಸುಮಾರು 40 ಗ್ರಾಂ. ಸೇರಿಸಿದ ಸಕ್ಕರೆ ಒಟ್ಟು 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅನ್ನುತ್ತಾರೆ. ಕಾಫಿಯಲ್ಲೇ ಅದು ಮೀರಿತು; ಸಂಜೆಯ ಬಿಸ್ಕತ್ತು, ಜಾಮೂನು ಇನ್ನೂ ಬಂದೇ ಇಲ್ಲ. 300 ಮಿಲಿಲೀಟರ್ ಕೋಲಾ ಕುಡಿದರೆ ಒಂದೇ ಸಲಕ್ಕೆ 30 ಗ್ರಾಂ ದಾಟುತ್ತದೆ.

ಕಾಫಿ ಬಿಡಬೇಕಿಲ್ಲ. ಡಿಕಾಕ್ಷನ್ ಚೆನ್ನಾಗಿ ಇಳಿಸಿ, ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬನ್ನಿ. ಹೋಟೆಲಿನಲ್ಲಿ "ಸಕ್ಕರೆ ಬೇರೆ ಕೊಡಿ" ಅನ್ನಿ, ಅಥವಾ ಇಬ್ಬರಿದ್ದರೆ ಬೈಟು ಹೇಳಿ. ಬೆಲ್ಲದ ಕಾಫಿಯಾದರೆ ಪರವಾಗಿಲ್ಲ ಅಂತ ಕುಡಿಯುವವರು ಬಹಳ. ರಕ್ತಕ್ಕೆ ಸೇರುವಾಗ ಬೆಲ್ಲವೂ ಸಕ್ಕರೆಯೇ.

ತಟ್ಟೆ ಹೇಗಿರಬೇಕು

ನಮ್ಮ ತಟ್ಟೆಯಲ್ಲಿ ಅನ್ನ ಬೆಟ್ಟದ ಹಾಗೆ, ಪಲ್ಯ ಮೂಲೆಯಲ್ಲಿ ಚಟ್ನಿಯ ಹಾಗೆ ಇರುತ್ತದೆ. ಅದನ್ನು ತಿರುಗಿಸಿ. ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಸೊಪ್ಪು. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನ ಅಥವಾ ಮುದ್ದೆ. ಬಸ್ಸಾರು ಮಾಡುವ ಮನೆಯವರಿಗೆ ಇದನ್ನು ಹೇಳಿಕೊಡುವ ಅಗತ್ಯವೇ ಇಲ್ಲ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಸಾರಿಗೆ, ಬೆಂದ ಸೊಪ್ಪು ಕಾಳು ಪಲ್ಯಕ್ಕೆ, ಜೊತೆಗೆ ಸಣ್ಣ ಮುದ್ದೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಸಿಗುತ್ತದೆ. ಆದರೆ ರಾಗಿಯೂ ಪಿಷ್ಟವೇ. ಸಕ್ಕರೆ ಕಾಯಿಲೆಯವರು ದೊಡ್ಡ ದೊಡ್ಡ ಎರಡು ಮುದ್ದೆ ನುಂಗಿ "ರಾಗಿ ತಾನೆ" ಅಂದರೆ ಗ್ಲುಕೋಮೀಟರ್ ಕೇಳುವುದಿಲ್ಲ.

ದಂಟು, ಹರಿವೆ, ಸಬ್ಬಸಿಗೆ, ಮೆಂತ್ಯ ಯಾವುದೇ ತಂದರೂ ಬೇರು ಕತ್ತರಿಸಿ ಮೂರು ನೀರಿನಲ್ಲಿ ತೊಳೆದು ಬೇಯಿಸಿ. ನಗರದ ಸುತ್ತ ಕೊಳಚೆ ನೀರು ಹರಿಯುವ ಕಡೆಯೂ ಸೊಪ್ಪು ಬೆಳೆಯುತ್ತಾರೆ, ಹಾಗಾಗಿ ಹಸಿಯಾಗಿ ತಿನ್ನಬೇಡಿ.

ನಡಿಗೆ

ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಅಂದರೆ ಅರ್ಧ ಗಂಟೆಯಂತೆ ಐದು ದಿನ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಲಾಲ್‌ಬಾಗಿಗೋ ಕಬ್ಬನ್ ಪಾರ್ಕಿಗೋ ಹತ್ತಿರದವರು ಪುಣ್ಯವಂತರು. ಉಳಿದವರಿಗೆ ಬಡಾವಣೆಯ ಪಾರ್ಕು, ಅದೂ ಇಲ್ಲದಿದ್ದರೆ ಒಳರಸ್ತೆಗಳು. ಬಸ್ಸು ಲಾರಿ ಓಡಾಡುವ ಮುಖ್ಯರಸ್ತೆಯ ಪಕ್ಕ ನಡೆದರೆ ಹೊಗೆಯನ್ನೇ ಜೋರಾಗಿ ಎಳೆದುಕೊಂಡಂತಾಗುತ್ತದೆ. ಫುಟ್‌ಪಾತಿನ ಕಲ್ಲು ಎಲ್ಲಿ ಅಲ್ಲಾಡುತ್ತದೆ, ಕೇಬಲ್ ಎಲ್ಲಿ ಜೋತಾಡುತ್ತದೆ ಅನ್ನುವುದು ದೇವರಿಗೇ ಗೊತ್ತು. ವಯಸ್ಸಾದವರು ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಹಾಕಿಕೊಳ್ಳಿ. ಮಧುಮೇಹಿಗಳಿಗೆ ಇದು ಇನ್ನೂ ಮುಖ್ಯ. ಕಾಲಿನ ಗಾಯ ಅವರಿಗೆ ಗೊತ್ತಾಗದೇ ಬೆಳೆಯುತ್ತದೆ, ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಬೇಕು.

ಬೆಳಿಗ್ಗೆ ಹೊತ್ತೇ ಇಲ್ಲ ಅನ್ನುವವರಿಗೆ ನನ್ನ ಸಲಹೆ ಊಟದ ನಂತರದ ನಡಿಗೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ರಕ್ತದ ಸಕ್ಕರೆ ಅಷ್ಟು ಏರುವುದಿಲ್ಲ. ನಮ್ಮ ಯಜಮಾನರು ರಾತ್ರಿ ಊಟ ಮಾಡಿ ಕಸದ ಚೀಲ ಕಟ್ಟಿಟ್ಟು ನಾಲ್ಕನೇ ಕ್ರಾಸಿನ ತನಕ ಹೋಗಿ ಬರುತ್ತಾರೆ. ಬೇರೆ ಸಮಯ ಹುಡುಕಲಿಲ್ಲ, ಊಟಕ್ಕೆ ಅದನ್ನು ಗಂಟು ಹಾಕಿದರು, ಅದಕ್ಕೇ ನಿಂತಿದೆ. ಮೆಟ್ರೋದಲ್ಲಿ ಹೋಗುವವರು ಒಂದು ನಿಲ್ದಾಣ ಮುಂಚೆ ಇಳಿಯಬಹುದು. ಕಂಪ್ಯೂಟರ್ ಮುಂದೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ್ದನ್ನು ಇಪ್ಪತ್ತು ಸೆಕೆಂಡ್ ನೋಡಿ. ವಾರಕ್ಕೆರಡು ದಿನ ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಸಲ ಮಾಡಿದರೆ ತೊಡೆಗೆ ಬಲ ಬರುತ್ತದೆ. ಇಳಿವಯಸ್ಸಿನಲ್ಲಿ ಬೀಳುವುದನ್ನು ತಪ್ಪಿಸುವುದು ಆ ಬಲವೇ.

ನೀರು: ಸಂಪಿನಿಂದ ಲೋಟದ ತನಕ

ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪಾಗಿ, ಶುದ್ಧವಾಗಿ ನಮ್ಮ ಊರಿಗೆ ಬರುತ್ತದೆ. ಕೆಡುವುದು ಹೆಚ್ಚಾಗಿ ಮನೆಗೆ ಬಂದ ಮೇಲೆ. ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಪ್ರತಿ ಮನೆಗೂ ಸಂಪು, ಮೇಲೊಂದು ಟ್ಯಾಂಕು. ಅದರ ಒಳಗೆ ಕೊನೆಯ ಸಲ ಇಣುಕಿದ್ದು ಯಾವಾಗ? 2024ರ ಬೇಸಿಗೆಯಲ್ಲಿ ನೀರು ಬತ್ತಿ ಊರೆಲ್ಲ ಟ್ಯಾಂಕರಿಗೆ ಬಿದ್ದಾಗ ಯಾವ ಕೊಳವೆಬಾವಿಯ ನೀರು ಯಾವ ಸಂಪು ಸೇರಿತೋ ಯಾರೂ ಕೇಳಲಿಲ್ಲ.

ಆರು ತಿಂಗಳಿಗೊಮ್ಮೆ ತೊಳೆಸಿ. ದಸರಾಗೆ ಒಂದು ಸಲ, ಯುಗಾದಿಗೆ ಒಂದು ಸಲ ಅಂದರೆ ಮರೆಯುವುದಿಲ್ಲ. ಟ್ಯಾಂಕಿನ ಮೇಲೆ ಪೇಂಟಿನಲ್ಲಿ ತಾರೀಖು ಬರೆಸಿ. ಮುಚ್ಚಳ ಬಿಗಿಯಾಗಿರಬೇಕು, ಹೊರಚೆಲ್ಲುವ ಪೈಪಿಗೆ ಸಣ್ಣ ಜಾಲರಿ ಕಟ್ಟಿ. ಒಂದು ಎಚ್ಚರಿಕೆ: ಬಹಳ ದಿನ ಮುಚ್ಚಿದ್ದ ಸಂಪಿಗೆ ಯಾರೂ ಏಕಾಏಕಿ ಇಳಿಯಬೇಡಿ, ಇಳಿಸಲೂ ಬೇಡಿ. ಒಳಗೆ ಗಾಳಿ ಇರುವುದಿಲ್ಲ, ಉಸಿರುಗಟ್ಟಿ ಸತ್ತವರಿದ್ದಾರೆ. ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿಯಾಡಿಸಿ, ಸಾಧನ ಇಟ್ಟುಕೊಂಡು ಇದೇ ಕೆಲಸ ಮಾಡುವವರನ್ನು ಕರೆಸಿ.

ಕುಡಿಯುವ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿದರೆ ಸಾಕು. ಆರಿಸಿ, ಮುಚ್ಚಿಡಿ, ಲೋಟ ಅದ್ದಬೇಡಿ. ಉದ್ದ ಹಿಡಿಯ ಸೌಟು ಅಥವಾ ನಲ್ಲಿ ಇರುವ ಪಾತ್ರೆ ಬಳಸಿ. ಫಿಲ್ಟರ್ ಇದ್ದರೆ ಅದರ ಕ್ಯಾಂಡಲ್, ಕಾರ್ಟ್ರಿಜ್ ಬದಲಿಸಿದ ತಾರೀಖನ್ನೂ ಅದರ ಮೇಲೇ ಬರೆಯಿರಿ. ಭೇದಿ ಶುರುವಾದರೆ ಮೊದಲು ಓ.ಆರ್.ಎಸ್. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಸುರಿಯಿರಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇಲ್ಲಿ ಅಂದಾಜು ನಡೆಯದು, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ಸೊಳ್ಳೆ: ಪ್ರತಿ ಶುಕ್ರವಾರ

2024ರಲ್ಲಿ ಡೆಂಗಿ ಎಷ್ಟು ಹರಡಿತೆಂದರೆ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಬೇಕಾಯಿತು. ಆ ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆ ಟಾರ್ಚ್ ಹಿಡಿದು ನಮ್ಮ ಮನೆಗೆ ಬಂದರು. ನನ್ನದು ಚೊಕ್ಕಟ ಮನೆ, ಏನೂ ಸಿಗುವುದಿಲ್ಲ ಅನ್ನುವ ಧೈರ್ಯ ನನಗೆ. ಅವರು ನೇರ ಅಡುಗೆಮನೆಗೆ ಬಂದು, "ಅಕ್ಕ, ಫ್ರಿಡ್ಜ್ ಸ್ವಲ್ಪ ಮುಂದಕ್ಕೆ ಎಳೀತೀರಾ?" ಅಂದರು. ಹಿಂದಿನ ನೀರು ತೊಟ್ಟಿಕ್ಕುವ ತಟ್ಟೆಗೆ ಬೆಳಕು ಬಿಟ್ಟರು. ಎರಡು ಬೆರಳಿನಷ್ಟು ನೀರು. ಅದರಲ್ಲಿ ಎಳ್ಳಿಗಿಂತ ತುಸು ಉದ್ದದ ಕಪ್ಪು ಎಳೆಗಳು, ಬೆಳಕು ಬಿದ್ದೊಡನೆ ಮೈ ಮಡಚಿ ಬಿಚ್ಚಿ ಮಡಚಿ ತಳಕ್ಕೆ ಓಡಿದವು. ಇಪ್ಪತ್ತಾದರೂ ಇದ್ದವು. ಅತ್ತೆ "ಅಯ್ಯೋ ರಾಮ" ಅಂದರು. ನನಗೆ ಮಾತೇ ಬರಲಿಲ್ಲ.

ಈ ಸೊಳ್ಳೆ ಚರಂಡಿಯದಲ್ಲ. ನಿಂತ ತಿಳಿನೀರಿನಲ್ಲಿ, ನಮ್ಮ ಮನೆಯೊಳಗೇ ಹುಟ್ಟುತ್ತದೆ; ಹಗಲು ಹೊತ್ತು, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ, ಕಚ್ಚುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ತಪ್ಪದೆ ನೀರು ಚೆಲ್ಲಿದರೆ ಅದರ ಸರಪಳಿ ಕಡಿಯುತ್ತದೆ. ಶುಕ್ರವಾರ ಹೇಗೂ ಮನೆ ತೊಳೆಯುತ್ತೇವೆ. ಅದರ ಜೊತೆಗೆ ಇದನ್ನೂ ಸೇರಿಸಿ.

ಫ್ರಿಡ್ಜ್ ಹಿಂದಿನ ತಟ್ಟೆ, ಮನಿಪ್ಲಾಂಟ್ ಬಾಟಲಿ, ಕುಂಡದ ಕೆಳಗಿನ ತಟ್ಟೆ, ತಾರಸಿಯ ಮೇಲಿನ ಹಳೆ ಬಕೆಟ್ಟು, ಎಳನೀರು ಬುರುಡೆ, ತೆಂಗಿನ ಚಿಪ್ಪು, ಟೈರು, ಗಾಡಿ ಮುಚ್ಚಿದ ಪ್ಲಾಸ್ಟಿಕ್ ಹಾಳೆಯ ಮಡಿಕೆ, ಪಕ್ಷಿಗೆ ನೀರಿಡುವ ಬೋಗುಣಿ, ಬಳಸದ ಬಚ್ಚಲಿನ ಕಮೋಡು. ನೀರು ಚೆಲ್ಲಿದರಷ್ಟೇ ಸಾಲದು, ನಾರಿನಿಂದ ಒಳಗೋಡೆ ಉಜ್ಜಬೇಕು. ಮೊಟ್ಟೆಗಳು ನೀರಿನ ಮಟ್ಟದಿಂದ ತುಸು ಮೇಲೆ ಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿ ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಕ್ಯೂರಿಂಗ್ ನೀರು ನಿಂತಿದೆಯಾ ಅಂತ ಹೋಗಿ ನೋಡಿ, ಮೇಸ್ತ್ರಿಗೆ ಒಳ್ಳೆಯ ಮಾತಿನಲ್ಲಿ ಹೇಳಿ. ಮಕ್ಕಳಿಗೆ ಹಗಲಿನಲ್ಲೂ ತುಂಬು ತೋಳಿನ ಬಟ್ಟೆ ಹಾಕಿ, ಮಲಗುವ ಕೂಸಿಗೆ ಮಧ್ಯಾಹ್ನವೂ ಸೊಳ್ಳೆಪರದೆ ಕಟ್ಟಿ.

ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಾಗಬಹುದು. ಉಳಿದಿದ್ದ ಆ್ಯಂಟಿಬಯೋಟಿಕ್ ನುಂಗಬೇಡಿ. ಡೆಂಗಿ ವೈರಸ್ಸಿಗೆ ಅದು ತಾಗುವುದೇ ಇಲ್ಲ. ಗಂಜಿ, ಎಳನೀರು, ಓ.ಆರ್.ಎಸ್. ಕೊಡುತ್ತಿರಿ. ಪರಂಗಿ ಎಲೆಯ ರಸ ನಂಬಿಕೊಂಡು ಡಾಕ್ಟರ ಬಳಿ ಹೋಗುವುದನ್ನು ತಡಮಾಡಬೇಡಿ. ಬಹಳ ಜನರಿಗೆ ಗೊತ್ತಿಲ್ಲದ್ದು ಇದು: ಅಪಾಯ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರನೇ ದಿನದಿಂದ ಏಳನೇ ದಿನದ ನಡುವೆ. ಜ್ವರ ಬಿಟ್ಟಿತು ಅಂತ ನೆಮ್ಮದಿಯಾಗಿರುವಾಗ ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ಮೂಗಿನಲ್ಲಿ ರಕ್ತ, ಕಪ್ಪು ಮಲ, ಮಂಪರು, ಕೈಕಾಲು ತಣ್ಣಗಾಗುವುದು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ಕಾಯುತ್ತಾ ಕೂರಬೇಡಿ.

ಹೊಗೆ, ಎಲೆಅಡಿಕೆ, ಹೆಲ್ಮೆಟ್, ನಾಯಿ

ಸೊಳ್ಳೆ ಬತ್ತಿ ಹಚ್ಚಿ ಕಿಟಕಿ ಮುಚ್ಚಿ ಮಲಗಬೇಡಿ. ಒಂದು ಸುರುಳಿ ಉರಿದರೆ ಹೊರಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು ಅಳೆದವರಿದ್ದಾರೆ. ಪರದೆ ಮೇಲು. ಊದುಬತ್ತಿ, ಧೂಪ ಹಚ್ಚುವಾಗಲೂ ಕಿಟಕಿ ತೆರೆದಿರಲಿ, ಉಬ್ಬಸ ಇರುವವರ ಮನೆಯಲ್ಲಂತೂ. ಉಬ್ಬಸಕ್ಕೆ ಕೊಟ್ಟ ಇನ್‌ಹೇಲರ್ ಚಟವಾಗುವುದಿಲ್ಲ. ಡಾಕ್ಟರು ಹೇಳಿದಷ್ಟು ದಿನ ಹೇಳಿದ ಹಾಗೆ ಎಳೆದುಕೊಳ್ಳಿ.

ಹೊಗೆಸೊಪ್ಪು, ಗುಟ್ಕಾ ಕೆಟ್ಟದ್ದೆಂದು ಎಲ್ಲರಿಗೂ ಗೊತ್ತು. ಬರಿ ಅಡಿಕೆಯೂ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗುರುತಿಸಿದೆ. ಅಡಿಕೆ ತಾಂಬೂಲ ನಮ್ಮ ಶುಭಕಾರ್ಯದ ಭಾಗ, ಅದಕ್ಕೆ ನನ್ನ ತಕರಾರಿಲ್ಲ. ದಿನಾ ದವಡೆಯಲ್ಲಿ ಇಟ್ಟುಕೊಂಡೇ ಇರುವವರು ತಿಂಗಳಿಗೊಮ್ಮೆ ಕನ್ನಡಿ ಮುಂದೆ ಬಾಯಿ ತೆರೆಯಿರಿ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ಮೂರು ವಾರವಾದರೂ ಹುಣ್ಣು ಮಾಯದಿದ್ದರೆ ಹಲ್ಲಿನ ಡಾಕ್ಟರಿಗೋ ಕಿದ್ವಾಯಿ ಸಂಸ್ಥೆಗೋ ತೋರಿಸಿ. ಬಿಡಲು ಸಹಾಯ ಬೇಕಾದರೆ 1800-11-2356ಕ್ಕೆ ಕರೆ ಮಾಡಿ, ದುಡ್ಡಿಲ್ಲ.

ಹೆಲ್ಮೆಟ್ ಬಗ್ಗೆ ಇಷ್ಟೇ: ಕಿವಿ ಮುಚ್ಚುವ, ಐ.ಎಸ್.ಐ. ಗುರುತಿರುವ ಪೂರ್ತಿ ಹೆಲ್ಮೆಟ್, ಗದ್ದದ ಪಟ್ಟಿ ಬಿಗಿದು. ಹಿಂದೆ ಕೂರುವವರಿಗೂ 2016ರಿಂದ ನಮ್ಮ ರಾಜ್ಯದಲ್ಲಿ ಕಡ್ಡಾಯ. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲು ಹಾರುತ್ತದೆ. ಹಾಲು ತರಲು ಮೂಲೆಯಂಗಡಿಗೆ ಹೋಗುವಾಗಲೂ ಹಾಕಿಕೊಳ್ಳಿ.

ಬೀದಿನಾಯಿ ಕಚ್ಚಿದರೆ, ಪರಚಿದರೂ ಸರಿ, ಮೊದಲು ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಬೇಡ. ಅದೇ ದಿನ ಲಸಿಕೆ ಶುರು ಮಾಡಿ, ರಕ್ತ ಬಂದಿದ್ದರೆ ಗಾಯಕ್ಕೇ ಕೊಡುವ ಇಮ್ಯುನೋಗ್ಲಾಬುಲಿನ್ ಬಗ್ಗೆ ಕೇಳಿ, ಉಳಿದ ಡೋಸುಗಳ ತಾರೀಖು ತಪ್ಪಿಸಬೇಡಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಸಿಕೊಳ್ಳುವುದು ಬಹುತೇಕ ಅಸಾಧ್ಯ.

ನಿದ್ದೆ, ಮನಸ್ಸು

ದೊಡ್ಡವರಿಗೆ ಏಳು ಗಂಟೆ ನಿದ್ದೆ ಬೇಕು. ಫೋನನ್ನು ಮಲಗುವ ಕೋಣೆಯಿಂದ ಹೊರಗೆ ಚಾರ್ಜಿಗೆ ಹಾಕಿ. ಅಲಾರಾಂಗೆ ಒಂದು ಗಡಿಯಾರ ತನ್ನಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುವವರು ಡಾಕ್ಟರಿಗೆ ತೋರಿಸಿ, ಅದಕ್ಕೂ ಬಿ.ಪಿ.ಗೂ ನಂಟಿದೆ. ಎರಡು ವಾರ ಕಳೆದರೂ ಏನೂ ಬೇಡ ಅನ್ನಿಸುತ್ತಿದ್ದರೆ, ಸಾಯಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ, 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಅದು, ಹಗಲು ರಾತ್ರಿ ಇರುತ್ತದೆ, ನಮ್ಮ ಊರಿನ ನಿಮ್ಹಾನ್ಸ್ ಅದಕ್ಕೆ ಬೆನ್ನೆಲುಬು. ಕನ್ನಡದಲ್ಲೇ ಮಾತಾಡಬಹುದು.

ಬಾಗಿಲ ಹಿಂದೆ ಒಂದು ಕಾಗದ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ಈ ಊರು ಹೇಗೆ ಸ್ತಬ್ಧವಾಯಿತು ನೆನಪಿದೆ. ಮರುದಿನಗಳಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಗಾಬರಿಯಲ್ಲಿ ಒಂದು ದಿನ ಸಾಲಿನಲ್ಲಿ ನಿಲ್ಲುವುದಕ್ಕಿಂತ ಹೃದಯಾಘಾತದ ಲಕ್ಷಣಗಳನ್ನು ಮನೆಮಂದಿಗೆಲ್ಲ ಬಾಯಿಪಾಠ ಮಾಡಿಸುವುದು ಹೆಚ್ಚು ಉಪಯೋಗ.

ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ನೋವು. ಅದು ಎಡ ತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು. ತಣ್ಣನೆ ಬೆವರು, ಉಸಿರು ಸಾಲದಿರುವುದು. ಹೆಂಗಸರಿಗೆ, ಮಧುಮೇಹಿಗಳಿಗೆ ಕೆಲವೊಮ್ಮೆ ಬರಿ ಸುಸ್ತು, ವಾಕರಿಕೆ, ಎದೆಯುರಿಯಂತೆ ಬರುತ್ತದೆ. "ಗ್ಯಾಸ್ಟ್ರಿಕ್ ಇರಬೇಕು" ಅಂತ ಸೋಡಾ ಕುಡಿಸಿ ಕಾಯಬೇಡಿ, ಕಾರು ಓಡಿಸಿಕೊಂಡು ತಾವೇ ಹೋಗಲು ಬಿಡಬೇಡಿ, ಕೂಡಲೇ ಇ.ಸಿ.ಜಿ. ಆಗಬೇಕು. ಪಾರ್ಶ್ವವಾಯುವಿಗೆ ಮೂರು ಪರೀಕ್ಷೆ: ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆಯೇ? ಎರಡೂ ಕೈ ಎತ್ತಲು ಹೇಳಿ, ಒಂದು ಇಳಿಯುತ್ತದೆಯೇ? ಒಂದು ವಾಕ್ಯ ಹೇಳಿಸಿ, ನಾಲಿಗೆ ತೊದಲುತ್ತದೆಯೇ? ಒಂದು ಕಂಡರೂ ಗಂಟೆ ಎಷ್ಟಾಗಿದೆ ಎಂದು ಬರೆದುಕೊಂಡು ಹೊರಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯ ಒಳಗೆ ತಲುಪಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ನಮ್ಮ ಟ್ರಾಫಿಕ್ಕನ್ನೂ ಅದರಲ್ಲೇ ಕಳೆಯಿರಿ.

ಗಾಬರಿಯಲ್ಲಿ ಸ್ವಂತ ಮನೆಯ ವಿಳಾಸವೂ ಬಾಯಿಗೆ ಬರುವುದಿಲ್ಲ. ಅದಕ್ಕೆ ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಮುಂಬಾಗಿಲ ಹಿಂದೆ ಅಂಟಿಸಿ: ಆಂಬುಲೆನ್ಸ್ 108, ತುರ್ತು ಸಹಾಯ 112, ಆರೋಗ್ಯ ಸಲಹೆ 104. ಅದರ ಕೆಳಗೆ ಮನೆ ನಂಬರು, ಯಾವ ಮೇನ್, ಯಾವ ಕ್ರಾಸ್, ಹತ್ತಿರದ ಗುರುತು. ಅದರ ಕೆಳಗೆ ಮನೆಯಲ್ಲಿ ಯಾರು ಯಾವ ಮಾತ್ರೆ ನುಂಗುತ್ತಾರೆ, ಯಾರಿಗೆ ಯಾವುದು ಒಗ್ಗುವುದಿಲ್ಲ, ರಾತ್ರಿಯೂ ಇ.ಸಿ.ಜಿ. ಮಾಡುವ ಹತ್ತಿರದ ಆಸ್ಪತ್ರೆ ಯಾವುದು. ಆ ಆಸ್ಪತ್ರೆಗೆ ಇವತ್ತೇ ಫೋನ್ ಮಾಡಿ ಕೇಳಿಕೊಳ್ಳಿ.

ನಮ್ಮ ಕಾಗದದ ಕೊನೆಯ ಸಾಲನ್ನು ಅತ್ತೆಯೇ ತಮ್ಮ ಕೈಯಿಂದ ಸೇರಿಸಿದ್ದಾರೆ: "ಗೇಟಿನ ಚಿಲಕ ಮೇಲಕ್ಕೆತ್ತಿ ಎಡಕ್ಕೆ ತಳ್ಳಬೇಕು, ಯಾರಾದರೂ ಮೊದಲೇ ಹೋಗಿ ತೆಗೆದಿಡಿ."